ಒಂದು ಗುಂಟೆ ಹಲ್ಲಿನ ಜಮೀನ್ದಾರ

ತ, ಥ, ದ, ಧ, ನ ಎಂಬ ಅಕ್ಷರಗಳು ದಂತ್ಯಗಳೆಂದು ಶಾಲೆಯಲ್ಲಿ ಓದಿದ್ದೇವೆ. ನಾಲಿಗೆ ಹೋಗಿ ಹಲ್ಲಿಗೆ ತಾಗಿದರೆ ಹುಟ್ಟುವಂಥವು. ಪ, ಫ, ಬ, ಭ, ಮ ತುಟಿಯ ಮಕ್ಕಳು. ಅವಕ್ಕೆ ಹಲ್ಲಿನ ಹಂಗಿಲ್ಲ. ಹಲ್ಲು ಬಿದ್ದ ಬಡ ಮುದುಕರಿಗಾಗಿ ನಮ್ಮ ಸರ್ಕಾರ ಒಂದು ಯೋಜನೆ ಮಾಡಿ, ಎಲ್ಲ ಬಿಟ್ಟು ಅದಕ್ಕೆ 'ದಂತ ಭಾಗ್ಯ' ಎಂದು ಹೆಸರಿಟ್ಟಿತು. ಪರಿಣಾಮವಾಗಿ ಫಲಾನುಭವಿಯು 'ಭಾಗ್ಯ' ಎಂಬುದನ್ನು ಸಲೀಸಾಗಿ ಹೇಳುತ್ತಾನೆ. 'ದಂತ' ಮಾತ್ರ ಅವನ ಬಾಯಿಗೆ ಬರುವುದಿಲ್ಲ. ಹೆಸರಿಟ್ಟ ಪುಣ್ಯಾತ್ಮ ಯಾರೋ, ಯೋಜನೆಯ ಜಾತಕವನ್ನು ನಾಮಕರಣದ ದಿನವೇ ಬರೆದುಬಿಟ್ಟಿದ್ದಾನೆ.

ಇದು ವ್ಯಾಕರಣದ ಕುಚೋದ್ಯವೆಂದು ತಿಳಿಯಬೇಡಿ. ಕೋಲಾರ ಜಿಲ್ಲೆಯ ನಮ್ಮ ಊರಿನಿಂದ ನಮ್ಮ ದೊಡ್ಡಪ್ಪ ತಾಲ್ಲೂಕು ಕೇಂದ್ರಕ್ಕೆ ಹೋಗಿ, ಆಸ್ಪತ್ರೆಯೊಂದರ ಕಿಟಕಿಯ ಮುಂದೆ ನಿಂತು ಯೋಜನೆಯ ಹೆಸರು ಹೇಳಿದರು. ಒಳಗಿದ್ದಾತನಿಗೆ ಅದು 'ಅನ್ನ ಭಾಗ್ಯ' ಎಂದು ಕೇಳಿಸಿತು. "ಅದಕ್ಕೆ ಆಹಾರ ಶಾಖೆಗೆ ಹೋಗಬೇಕು ತಾತ" ಎಂದು ಕಳಿಸಿದ. ಆಹಾರ ಶಾಖೆಯಲ್ಲಿ ಕಾರ್ಡು ನೋಡಿದರು, ಎಲ್ಲ ಸರಿಯಾಗಿದೆ, ತೊಂದರೆ ಏನು ಎಂದರು. ಮಾತಿನಿಂದ ಆಗದ ಕೆಲಸವನ್ನು ಅಭಿನಯದಿಂದಲಾದರೂ ಮಾಡೋಣವೆಂದು ದೊಡ್ಡಪ್ಪ ಬಾಯಿ ಅಗಲಿಸಿ ಬೆರಳಿನಿಂದ ತೋರಿಸಿದರು. ಗುಮಾಸ್ತರಿಗೆ ಕರುಳು ಚುರುಕ್ಕೆಂದಿತು. "ಹಸಿವೇ?" ಎಂದು ಕೇಳಿ, ಹುಡುಗನನ್ನು ಕಳಿಸಿ ಎರಡು ಬನ್ನು ತರಿಸಿಕೊಟ್ಟರು. ಸರ್ಕಾರಿ ಕಚೇರಿಯಲ್ಲಿ ಮನುಷ್ಯತ್ವ ಸತ್ತಿದೆ ಎನ್ನುವವರಿಗೆ ನಾನು ಈ ಪ್ರಸಂಗವನ್ನು ಹೇಳುತ್ತಿರುತ್ತೇನೆ. ಬನ್ನು ಮೆತ್ತಗಿತ್ತು ಕೂಡ.

ಯೋಜನೆ ಕೆಟ್ಟದ್ದಲ್ಲ. 2013ರಲ್ಲಿ ಅನ್ನ ಭಾಗ್ಯ, ಕ್ಷೀರ ಭಾಗ್ಯಗಳೆಂದು ಭಾಗ್ಯಗಳ ಸುಗ್ಗಿ ಆರಂಭವಾದಾಗ, ಅನ್ನ ಕೊಟ್ಟ ಮೇಲೆ ಅಗಿಯುವುದಕ್ಕೂ ಏನಾದರೂ ಕೊಡಬೇಕಲ್ಲ ಎಂದು ಯಾರಿಗೋ ಹೊಳೆದದ್ದು ದೊಡ್ಡ ವಿಷಯವೇ. ಬಿಪಿಎಲ್ ಕಾರ್ಡು, ಅರವತ್ತು ವರ್ಷ, ಹಲ್ಲಿಲ್ಲದ ಬಾಯಿ: ಈ ಮೂರಿದ್ದರೆ ದಂತ ವೈದ್ಯಕೀಯ ಕಾಲೇಜಿನಲ್ಲಿ ಉಚಿತವಾಗಿ ಹಲ್ಲು ಕಟ್ಟಿಸಿಕೊಡುವುದು, ಖರ್ಚನ್ನು ಸರ್ಕಾರ ಭರಿಸುವುದು. ಮುಂದೆ ವಯಸ್ಸನ್ನು ನಲವತ್ತೈದಕ್ಕೆ ಇಳಿಸಿದರು. ಬಡವನ ಬಾಯಿ ಅವನಿಗಿಂತ ಹದಿನೈದು ವರ್ಷ ಮೊದಲೇ ಮುದಿಯಾಗುತ್ತದೆ ಎಂದು ಸರ್ಕಾರ ಒಪ್ಪಿಕೊಂಡ ದಾಖಲೆ ಅದೊಂದೇ ಇರಬೇಕು.

ತೊಡಕು ಬಂದದ್ದು ಮೂರನೆಯ ಷರತ್ತಿನಲ್ಲಿ. ದೊಡ್ಡಪ್ಪನ ಕೆಳದವಡೆಯಲ್ಲಿ, ಎಡಗಡೆಗೆ, ಒಂದು ಹಲ್ಲು ಉಳಿದುಕೊಂಡಿತ್ತು. ಕೋರೆಹಲ್ಲು. ಮಿಕ್ಕ ಮೂವತ್ತೊಂದು ಕೈಕೊಟ್ಟ ಮೇಲೂ ಬೀಳದೆ ನಿಂತದ್ದು. ಎರಡನೆಯ ಸಲ ಹೋದಾಗ ನಾನೂ ಜೊತೆಗಿದ್ದೆ, ದುಭಾಷಿಯಾಗಿ. ಕಿಟಕಿಯವರು ಟಾರ್ಚು ಬಿಟ್ಟು ನೋಡಿ, "ಇದು ಪೂರ್ಣ ಸೆಟ್ಟಿನ ಯೋಜನೆ. ಇವರಿಗೆ ಹಲ್ಲಿದೆ" ಎಂದರು. "ಒಂದೇ ಒಂದು ಇದೆ ಸ್ವಾಮಿ" ಎಂದೆ. "ಒಂದಿದ್ದರೂ ಇದ್ದ ಹಾಗೆಯೇ" ಎಂದರು. ಆಧಾರ್ ಇದ್ದ ಹಾಗೆ, ಕಾರ್ಡು ಇದ್ದ ಹಾಗೆ, ಹಲ್ಲೂ ಇದ್ದ ಹಾಗೆ. ಬಡತನಕ್ಕೆ ರೇಖೆ ಇರುವಂತೆ ಹಲ್ಲಿಗೂ ಒಂದು ರೇಖೆ ಇದೆ, ನಮ್ಮ ದೊಡ್ಡಪ್ಪ ಅದರ ಮೇಲಿದ್ದಾರೆ ಎಂದು ಅಂದು ಗೊತ್ತಾಯಿತು.

ದೊಡ್ಡಪ್ಪ ಆಯುಷ್ಯವೆಲ್ಲ ನಾಡಕಚೇರಿಗೂ ಸರ್ವೆ ಇಲಾಖೆಗೂ ಅಲೆದ ರೈತ. ವಾದ ಮಾಡಬೇಕಾದರೆ ಅವರಿಗೆ ಭೂಮಿಯ ಭಾಷೆಯೇ ಬೇಕು. "ಅಪ್ಪಾ, ನನ್ನದು ಮೂವತ್ತೆರಡು ಗುಂಟೆ ಹಿಡುವಳಿ ಎಂದುಕೋ. ಅದರಲ್ಲಿ ಮೂವತ್ತೊಂದು ಗುಂಟೆ ಖರಾಬು. ಉಳಿದದ್ದು ಒಂದು ಗುಂಟೆ, ಅದೂ ಮೂಲೆಯಲ್ಲಿ, ನೀರಿಲ್ಲ, ದಾರಿಯಿಲ್ಲ. ಅದನ್ನು ನೋಡಿ ನನ್ನನ್ನು ಜಮೀನ್ದಾರ ಎಂದು ಬರೆಯುತ್ತೀಯಾ?" ಎಂದರು. ಹೇಳಿದ್ದು ಇಷ್ಟು ಸ್ಪಷ್ಟವಾಗಿ ಅಲ್ಲ, ನಾನು ಅನುವಾದಿಸಿದೆ. ಕಿಟಕಿಯವರು ನಕ್ಕರು. ಅವರ ಹಲ್ಲುಗಳು ಚೆನ್ನಾಗಿದ್ದವು. ನಕ್ಕು, "ಅಲ್ಲ ತಾತ, ನಮ್ಮ ಕಡೆಯವರಿಗೆ ಹಲ್ಲು ಯಾತಕ್ಕೆ? ಮುದ್ದೆ ನುಂಗುವುದಲ್ಲವೇ?" ಎಂದರು.

ಈ ಮಾತನ್ನು ತಮಾಷೆಯೆಂದು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ಇದರಲ್ಲಿ ಒಂದು ಆರ್ಥಿಕ ನೀತಿಯೇ ಅಡಗಿದೆ. ರಾಗಿ ಮುದ್ದೆಯನ್ನು ಮುರಿದು, ಸಾರಿನಲ್ಲಿ ಹೊರಳಿಸಿ, ಹಾಗೆಯೇ ನುಂಗಬೇಕು. ಅಗಿಯುವವನು ಹೊರಗಿನವನೆಂದು ಪಂಕ್ತಿಯಲ್ಲಿ ಕೂತವರಿಗೆ ಕೂಡಲೇ ತಿಳಿಯುತ್ತದೆ. ಹಾಗಾದರೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಈ ಮೂರು ಜಿಲ್ಲೆಗಳ ಜನಕ್ಕೆ ಹಲ್ಲು ಎಂಬುದು ಅನಗತ್ಯ ಆಸ್ತಿ. ರೊಟ್ಟಿ ತಿನ್ನುವ ಜಿಲ್ಲೆಗಳಿಗೆ ಸೆಟ್ಟು ಕೊಟ್ಟು, ಮುದ್ದೆ ಜಿಲ್ಲೆಗಳಿಂದ ಉಳಿತಾಯ ಮಾಡಬಹುದು. ಬಜೆಟ್ ಭಾಷಣದಲ್ಲಿ ಒಂದು ಸಾಲು ಸಾಕು. ಆದರೆ ಮುದ್ದೆಗೆ ಉಪ್ಪೆಸರಿದ್ದರೆ ನೆಂಚಿಕೊಳ್ಳಲು ಕಾಳಿರುತ್ತದೆ, ಸೊಪ್ಪಿರುತ್ತದೆ; ಅವರೆಕಾಯಿ ಕಾಲ ಬರುತ್ತದೆ; ಊರ ಜಾತ್ರೆಯಲ್ಲಿ ನಾಟಿ ಕೋಳಿ ಕೊಯ್ಯುತ್ತಾರೆ. ಜಾತ್ರೆಯ ದಿನ ದೊಡ್ಡಪ್ಪನ ತಟ್ಟೆಗೆ ಬೀಳುವುದು ಸಾರು ಮಾತ್ರ. ತುಂಡು ಹಾಕಲು ಬಂದ ಸೊಸೆ ಒಂದು ಕ್ಷಣ ಸೌಟನ್ನು ಮೇಲೆ ಹಿಡಿದು, ಆಮೇಲೆ ಪಕ್ಕದವರ ತಟ್ಟೆಗೆ ಹಾಕಿ ಮುಂದೆ ಹೋಗುತ್ತಾಳೆ. ಆ ಸೌಟು ಗಾಳಿಯಲ್ಲಿ ನಿಲ್ಲುವ ಕ್ಷಣವನ್ನು ಯಾವ ಸುತ್ತೋಲೆಯಲ್ಲಿಯೂ ನಮೂದಿಸಲು ಸಾಧ್ಯವಿಲ್ಲ, ಬಿಡಿ.

ಇನ್ನು ಎಲೆ ಅಡಿಕೆ. ಅದಕ್ಕೆ ನಮ್ಮ ಮನೆಗಳಲ್ಲಿ ಕುಟ್ಟಾಣಿ ಇದೆ. ಅಂಗೈಯಗಲದ ಕಬ್ಬಿಣದ ಒರಳು, ಬೆರಳುದ್ದದ ಒನಕೆ. ನನ್ನ ಲೆಕ್ಕದಲ್ಲಿ ಈ ಸೀಮೆಯ ಅತಿ ಹಳೆಯ ದಂತ ಯೋಜನೆ ಅದು. ಅರ್ಜಿ ಬೇಡ, ಹೆಬ್ಬೆಟ್ಟು ಬೇಡ, ಆದಾಯದ ಮಿತಿಯಿಲ್ಲ, ಒಂದು ಹಲ್ಲು ಉಳಿದವರನ್ನೂ ತಿರಸ್ಕರಿಸುವುದಿಲ್ಲ.

ನಮ್ಮ ಕಡೆಯವರ ಹಲ್ಲಿಗೆ ಪ್ರತ್ಯೇಕ ಇತಿಹಾಸವೇ ಇದೆ ಎನ್ನಿ. ವರ್ಷವಿಡೀ ಹರಿಯುವ ನದಿಯಿಲ್ಲದ ನಾಡು. ಕೆರೆ ಬತ್ತಿದ ಮೇಲೆ ಬೋರು ಕೊರೆದೆವು. ಸಾವಿರ ಅಡಿ ದಾಟಿ ಇಳಿದಾಗ ನೀರಿನ ಜೊತೆ ಫ್ಲೋರೈಡ್ ಕೂಡ ಮೇಲೆ ಬಂತು. ಲೀಟರಿಗೆ ಒಂದು ಮಿಲಿಗ್ರಾಂ ಇದ್ದರೆ ಸರಿ, ಬೇರೆ ನೀರೇ ಸಿಗದಿದ್ದರೆ ಒಂದೂವರೆಯವರೆಗೆ ಸಹಿಸಬಹುದು ಎಂದು ಕುಡಿಯುವ ನೀರಿನ ಮಾನದಂಡ ಹೇಳುತ್ತದೆ. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಸೀಮೆಯ ಎಷ್ಟೋ ಬೋರುಗಳು ಆ ಮಾನದಂಡವನ್ನು ಓದಿಕೊಂಡಿಲ್ಲ. ಎಳವೆಯಲ್ಲಿ, ಹಲ್ಲು ದವಡೆಯೊಳಗೆ ರೂಪುಗೊಳ್ಳುತ್ತಿರುವಾಗ ಈ ನೀರು ಕುಡಿದ ಮಕ್ಕಳ ಹಲ್ಲು ಹುಟ್ಟುವಾಗಲೇ ಕಂದು ಪಟ್ಟೆ ಹೊತ್ತುಕೊಂಡು ಬರುತ್ತದೆ. ಪಟ್ಟೆ ಹಲ್ಲಿನ ಹುಡುಗಿಯನ್ನು ನೋಡಲು ಬಂದವರು "ಯಾವ ಊರಿನ ನೀರು?" ಎಂದು ಕೇಳಿ, ಕಾಫಿ ಕುಡಿದು ಎದ್ದು ಹೋಗುತ್ತಾರೆ. ಹಲ್ಲನ್ನು ಹಾಳು ಮಾಡುವ ನೀರನ್ನು ಒಂದು ಇಲಾಖೆ ನಲ್ಲಿಯಲ್ಲಿ ಮನೆಬಾಗಿಲಿಗೆ ತಂದುಕೊಡುತ್ತದೆ; ಹಲ್ಲು ಬೇಕಾದರೆ ಇನ್ನೊಂದು ಇಲಾಖೆಯ ಕಿಟಕಿಗೆ ನಾವೇ ಹೋಗಬೇಕು. ನೂರಿಪ್ಪತ್ತು ವರ್ಷ ಇದೇ ಜಿಲ್ಲೆಯ ನೆಲವನ್ನು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಕೊರೆದು ಚಿನ್ನ ತೆಗೆದರು, 2001ರಲ್ಲಿ ಗಣಿ ಮುಚ್ಚಿದರು. ನಾನು ನೋಡಿದ ಮಟ್ಟಿಗೆ ನಮ್ಮೂರಲ್ಲಿ ಯಾರ ಬಾಯಲ್ಲೂ ಒಂದು ಚಿನ್ನದ ಹಲ್ಲಿಲ್ಲ.

ಸರಿ, ಹಲ್ಲಿನ ವಿಷಯಕ್ಕೆ ಬರೋಣ. ಆ ಒಂದನ್ನು ಕೀಳಿಸಿಕೊಂಡು ಬನ್ನಿ ಎಂದು ಕಿಟಕಿಯವರೇ ಉಪಾಯ ಹೇಳಿದ್ದರು. ಪಟ್ಟಣದ ಕ್ಲಿನಿಕ್ಕಿನಲ್ಲಿ ಒಬ್ಬ ಎಳೆಯ ಡಾಕ್ಟರು ಅದನ್ನು ಅಲ್ಲಾಡಿಸಿ ನೋಡಿದರು. ಅದು ಅಲ್ಲಾಡಲಿಲ್ಲ. "ಗಟ್ಟಿಯಾಗಿದೆ ತಾತ, ಇದನ್ನು ಕೀಳಬಾರದು. ಇಂಥ ಒಂದು ಬೇರು ಉಳಿದರೆ ದವಡೆಯ ಎಲುಬು ಸವೆಯುವುದು ನಿಧಾನವಾಗುತ್ತದೆ, ಸೆಟ್ಟಿಗೂ ಹಿಡಿತ ಸಿಗುತ್ತದೆ" ಎಂದು ವಿವರಿಸಿದರು. ಓದಿದ ಶಾಸ್ತ್ರ ಅದು. ದೊಡ್ಡಪ್ಪ ಸಮಾಧಾನದಿಂದ ಕೇಳಿ, "ನಿಮ್ಮ ಪುಸ್ತಕಕ್ಕೆ ಬೇಕು, ಅವರ ಪುಸ್ತಕಕ್ಕೆ ಬೇಡ. ನನಗೆ ಸೆಟ್ಟು ಕೊಡುವವರು ಅವರು" ಎಂದರು. ಹೀಗೆ ಎಪ್ಪತ್ತು ವರ್ಷಗಳ ಬರ, ಜ್ವರ, ಕಬ್ಬು, ಹುರುಳಿಕಾಳು ಯಾವುದಕ್ಕೂ ಜಗ್ಗದ ಹಲ್ಲು ಒಂದು ಸುತ್ತೋಲೆಗೆ ಬಿತ್ತು. ಕೀಳಿಸಿದ ಖರ್ಚು ನಮ್ಮದೇ. ಉಚಿತ ಯೋಜನೆಯ ಮೊದಲ ಕಂತು ಎಂದು ಬರೆದುಕೊಂಡೆ.

ಅರ್ಹತೆ ಗಳಿಸಿ ಹೋದರೆ, ವಸಡು ಮಾಗಬೇಕು, ಎರಡು ಮೂರು ತಿಂಗಳು ಬಿಟ್ಟು ಬನ್ನಿ ಎಂದರು. ಇದು ನ್ಯಾಯವಾದ ಮಾತು. ಹಸಿ ವಸಡಿನ ಅಳತೆ ತೆಗೆದರೆ ಆಮೇಲೆ ಸೆಟ್ಟು ಸಡಿಲವಾಗುತ್ತದೆ. ಆದರೆ ಆ ಮೂರು ತಿಂಗಳಲ್ಲಿ ಅನರ್ಹ ಕಾರ್ಡುಗಳ ಪರಿಷ್ಕರಣೆ ಬಂದು, ದೊಡ್ಡಪ್ಪನ ಬಿಪಿಎಲ್ ಕಾರ್ಡು ರದ್ದಾಯಿತು. 2024ರ ನವೆಂಬರ್‌ನಲ್ಲಿ ರಾಜ್ಯವಿಡೀ ನಡೆದು, ಗಲಾಟೆಯಾಗಿ, ಸರ್ಕಾರ ಕಾರ್ಡುಗಳನ್ನು ವಾಪಸ್ ಕೊಡಬೇಕಾಗಿ ಬಂದ ನಾಟಕವನ್ನು ನೀವು ನೋಡಿದ್ದೀರಿ. ಅದರ ತಾಲೀಮು ನಮ್ಮ ಮನೆಯಲ್ಲಿ ಮೊದಲೇ ಆಗಿತ್ತು. ಹಲ್ಲಿದ್ದಾಗ ಕಾರ್ಡಿತ್ತು. ಹಲ್ಲು ಹೋದಾಗ ಕಾರ್ಡಿಲ್ಲ. ಹಲ್ಲಿದ್ದವನಿಗೆ ಕಡಲೆಯಿಲ್ಲ ಎಂಬ ಗಾದೆ ಕಟ್ಟಿದವರು ಕಡಲೆಯವರೆಗೆ ಮಾತ್ರ ಯೋಚಿಸಿದ್ದರು, ಪಾಪ. ಐದು ತಿಂಗಳು ಅಲೆದ ಮೇಲೆ ಕಾರ್ಡು ಮರಳಿತು. ತಪ್ಪಾಗಿ ತೆಗೆದದ್ದನ್ನು ಮರುಸ್ಥಾಪಿಸುವ ವ್ಯವಸ್ಥೆ ಆಹಾರ ಇಲಾಖೆಯಲ್ಲಿದೆ, ದವಡೆಯಲ್ಲಿಲ್ಲ.

ಅಳತೆಯ ಓಡಾಟವನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದು ಬೇಗ ಮುಗಿಯಲಿಲ್ಲ. ಮೊದಲ ಅಚ್ಚು ಒಂದು ದಿನ. ಎರಡನೆಯ ಅಚ್ಚು ಇನ್ನೊಂದು ದಿನ. ಲವಂಗದ ವಾಸನೆಯ ಅಂಟನ್ನು ವಸಡಿಗೆ ಒತ್ತಿದರು, ಬಹಳ ವರ್ಷಗಳ ಮೇಲೆ ಬಾಯಿಗೆ ಮಸಾಲೆ ತಾಗಿತು ಎಂದು ದೊಡ್ಡಪ್ಪ ಸಂತೋಷಪಟ್ಟರು. ಮೇಣ ಕಚ್ಚಿಸಿ ದವಡೆಯ ಎತ್ತರ ನೋಡಲು ಒಂದು ದಿನ. ಮೇಣದಲ್ಲಿ ಜೋಡಿಸಿದ ಹಲ್ಲನ್ನು ಇಟ್ಟು ನೋಡಲು ಒಂದು ದಿನ. ಪ್ರತಿಸಲ ಬೆಳಗ್ಗೆ ಡೇರಿಗೆ ಹಾಲು ಹಾಕಿ ಹೊರಟು ಸಂಜೆ ಡೇರಿ ಮುಚ್ಚುವ ಮೊದಲು ವಾಪಸ್ ಬರಬೇಕು. ಹಸುವಿಗೆ ದಂತ ಭಾಗ್ಯದ ವೇಳಾಪಟ್ಟಿ ಗೊತ್ತಿಲ್ಲ. ಬಸ್ ಚಾರ್ಜು, ಜೊತೆಗೆ ನನ್ನ ಬಸ್ ಚಾರ್ಜು, ಎರಡು ಕಾಫಿ. ಖಾಸಗಿ ಕ್ಲಿನಿಕ್ಕಿನಲ್ಲಿ ಮಾಡಿಸಬಹುದಿತ್ತಲ್ಲ ಎಂದು ಬೆಂಗಳೂರಿನ ನೆಂಟರು ಕೇಳಿದರು. ಸಂಧ್ಯಾ ಸುರಕ್ಷಾ ಪಿಂಚಣಿ ಈಗ ತಿಂಗಳಿಗೆ 1,200 ರೂಪಾಯಿ. ನೆಂಟರೇ ಗುಣಿಸಿಕೊಳ್ಳಲಿ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಎಪ್ಪತ್ತು ದಾಟಿದವರಿಗೆಲ್ಲ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಎಂದಾಗಲೂ ಅದೇ ನೆಂಟರು ಫೋನು ಮಾಡಿದ್ದರು. ಅದು ಆಸ್ಪತ್ರೆಗೆ ದಾಖಲಾಗುವವರ ಯೋಜನೆ. ನಿಪ್ಪಟ್ಟು ಕಡಿಯಲಾಗುತ್ತಿಲ್ಲ ಎಂದು ಯಾರನ್ನು ತಾನೆ ದಾಖಲು ಮಾಡಿಕೊಳ್ಳುತ್ತಾರೆ?

ಕೊನೆಗೆ ಸೆಟ್ಟು ಬಂತು, ಸಮಾರಂಭದಲ್ಲಿ. ಶಾಮಿಯಾನ, ಫ್ಲೆಕ್ಸು. ಫ್ಲೆಕ್ಸಿನಲ್ಲಿ ಏಳು ಜನ ಮುಖಂಡರು ನಗುತ್ತಿದ್ದರು. ಭಾಷಣ ಉದ್ದವಾದ್ದರಿಂದ ನಾನು ಹಲ್ಲುಗಳನ್ನು ಎಣಿಸಿದೆ. ವೇದಿಕೆಯ ಕೆಳಗೆ ಕೂತ ಇಪ್ಪತ್ತು ಜನ ಫಲಾನುಭವಿಗಳ ಬಾಯಲ್ಲಿ ಇಲ್ಲದ್ದೆಲ್ಲ ಮೇಲಿತ್ತು. ಫೋಟೋದವನು "ನಗಿ, ನಗಿ" ಎಂದ. ದೊಡ್ಡಪ್ಪ ನಕ್ಕರು. ಮೇಲಿನ ಸೆಟ್ಟು ಜಾರಿ ಕೆಳಗಿನದರ ಮೇಲೆ ಟಕ್ಕೆಂದು ಕೂತಿತು. ಅದನ್ನು ಚಪ್ಪಾಳೆಯ ಆರಂಭವೆಂದು ತಿಳಿದು ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು.

ಹೊಸ ಸೆಟ್ಟು ಮೊದಲು ಒತ್ತುವುದು, ಹುಣ್ಣಾಗುವುದು, ನಾಲ್ಕಾರು ಸಲ ಹೋಗಿ ಉಜ್ಜಿಸಿಕೊಳ್ಳುವುದು ಮಾಮೂಲು. ವರ್ಷಗಳು ಕಳೆದಂತೆ ಎಲುಬು ಸವೆದು ಸಡಿಲವಾಗುವುದೂ ಮಾಮೂಲು. ಅಂದರೆ ಬಸ್ಸು ಹತ್ತುತ್ತಲೇ ಇರಬೇಕು. ದೊಡ್ಡಪ್ಪ ಎರಡು ಸಲ ಹೋಗಿ ನಿಲ್ಲಿಸಿದರು. ಸೆಟ್ಟು ಹಾರ್ಲಿಕ್ಸ್ ಬಾಟಲಿಯ ನೀರಿನಲ್ಲಿ, ದೇವರ ಗೂಡಿನ ಪಕ್ಕ, ಮನೆಗೆ ಬಂದವರನ್ನೆಲ್ಲ ನೋಡಿ ನಗುತ್ತ ಕೂತಿತು. ಕಾರ್ತಿಕಕ್ಕೊಮ್ಮೆ ನೀರು ಬದಲಾಯಿಸುತ್ತಿದ್ದರು.

ಶಕ್ತಿ ಯೋಜನೆ ಬಂದಮೇಲೆ ದೊಡ್ಡಮ್ಮನಿಗೆ ಒಂದು ಉಪಾಯ ಹೊಳೆಯಿತು. "ನೀವು ಹೋದರೆ ಟಿಕೆಟ್ಟು. ನಾನು ಹೋದರೆ ಪುಕ್ಕಟೆ. ಸೆಟ್ಟನ್ನು ನಾನೇ ಕೊಂಡೊಯ್ದು ಸರಿ ಮಾಡಿಸಿಕೊಂಡು ಬರುತ್ತೇನೆ. ನಿಮ್ಮ ಬಾಯಿ ಇಲ್ಲೇ ಇರಲಿ" ಎಂದು ಬಾಟಲಿಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಶೂನ್ಯ ದರದ ಟಿಕೆಟ್ ಪಡೆದು, ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ಹೋದರು. ಕಾಲೇಜಿನಲ್ಲಿ ಹುಡುಗಿಯೊಬ್ಬಳು ಬಾಟಲಿ ತೆಗೆದು ನೋಡಿ, "ಅಮ್ಮಾ, ಬಾಯಿ ಎಲ್ಲಿ?" ಎಂದು ಕೇಳಿದಳಂತೆ.

"ಊರಲ್ಲಿದೆ" ಎಂದರಂತೆ ದೊಡ್ಡಮ್ಮ.

ರಿಜಿಸ್ಟರಿನಲ್ಲಿ ಏನೋ ಬರೆದುಕೊಂಡು ಮುಂದಿನ ಮಂಗಳವಾರ ಬಾಯಿಯನ್ನೂ ಕರೆತರಬೇಕೆಂದು ಚೀಟಿ ಕೊಟ್ಟು ಕಳಿಸಿದರು. ಬರುವಾಗ ಬಸ್ ನಿಲ್ದಾಣದಲ್ಲಿ ದೊಡ್ಡಮ್ಮ ಹುರಿದ ಕಡಲೆಕಾಯಿ ಕೊಂಡು ತಂದಿದ್ದರು. ಬಾಟಲಿಯನ್ನು ಗೂಡಿನ ಪಕ್ಕ ಇಟ್ಟು, ಸಿಪ್ಪೆ ಬಿಡಿಸಿ ಬೀಜಗಳನ್ನು ಮುಂದೆ ಸುರಿದರು. ದೊಡ್ಡಪ್ಪ ಚೀಟಿಯನ್ನು ಒಂದು ಸಲ ಓದಿ, ಮಡಚಿ ಬಾಟಲಿಯ ಕೆಳಗೆ ಇಟ್ಟರು. ಆಮೇಲೆ ಕುಟ್ಟಾಣಿಯನ್ನು ಹತ್ತಿರಕ್ಕೆ ಎಳೆದುಕೊಂಡರು.