ವಿನ್ ನಂಬರ್ ಒಂದನ್ನೇ ನಂಬಬೇಡಿ

ಹಳೆಯ ಅಮೆರಿಕನ್ ಕಾರು ಕೊಳ್ಳುವ ಕುರಿತ ಲೇಖನದಲ್ಲಿನ ‘ವಿನ್ ನಂಬರ್ (ಪ್ರತಿ ಕಾರಿಗೂ ಕಾರ್ಖಾನೆ ಕೊಡುವ ಗುರುತಿನ ಸಂಖ್ಯೆ) ಓದಿದರೆ ಸಾಕು, ಕಾರು ಅಸಲಿಯೋ ನಕಲಿಯೋ ಗೊತ್ತಾಗುತ್ತದೆ’ ಎಂಬ ಮಾತನ್ನು ಒಪ್ಪಲಾರೆ. 1970ರ ಡಾಡ್ಜ್ ಚಾಲೆಂಜರ್‌ಗೆ ಅದು ಸರಿ, ಐದನೇ ಅಕ್ಷರ ‘ಆರ್’ ಇದ್ದರೆ ಎಂಜಿನ್ 426 ಘನ ಇಂಚಿನ, ಶಕ್ತಿಶಾಲಿ ಹೆಮಿ. ಆದರೆ 1969ರ ಷೆವರ್ಲೆ ಕ್ಯಾಮರೊ? ವಿನ್ 12437 ಎಂದು ಶುರುವಾದರೆ ಎಂಟು ಸಿಲಿಂಡರಿನ ವಿ8 ಎಂಜಿನ್ ಇರುವ ಕೂಪೆ (ಎರಡು ಬಾಗಿಲ ಕಾರು), ಅಷ್ಟೇ. 307 ಎಂಜಿನ್ನಿನ ಸಾದಾ ಗಾಡಿಗೂ ಅದೇ, ಅಲ್ಯೂಮಿನಿಯಂನ 427 ಎಂಜಿನ್ ಇರುವ, ಬರೀ 69 ತಯಾರಾದ ಜಡ್‌ಎಲ್1 ಎಂಬ ಅಪರೂಪದ ಕ್ಯಾಮರೊಗೂ ಅದೇ! ಸಾದಾ ಗಾಡಿಯನ್ನು ಅಪರೂಪದ್ದೆಂದು ನಕಲಿ ಮಾಡುವವರು ನುಸುಳುವುದು ಇಲ್ಲೇ.

ಮಿಷಿಗನ್‌ನಲ್ಲಿ ಗೆಳೆಯರೊಬ್ಬರು ಕೊಳ್ಳಲಿದ್ದ ಬಿಗ್ ಬ್ಲಾಕ್ (ದೊಡ್ಡ ವಿ8 ಎಂಜಿನ್ನಿನ) ಕ್ಯಾಮರೊ ನೋಡಲು ಜೊತೆಗೆ ಹೋಗಿದ್ದೆ. ಬಲಗಡೆಯ ಸಿಲಿಂಡರ್ ಹೆಡ್ ಮುಂದೆ ಎಂಜಿನ್ ನಂಬರ್ ಹೊಡೆದಿರುವ ಸಮತಟ್ಟು ಜಾಗದ, ಅಂದರೆ ಪ್ಯಾಡ್‌ನ ಜಿಡ್ಡು ಒರೆಸಿ ಟಾರ್ಚ್ ಬಿಟ್ಟೆವು. ನಂಬರೇನೋ ಕಾರಿಗೆ ಹೊಂದುತ್ತಿತ್ತು, ಆದರೆ ಕಾರ್ಖಾನೆಯ ಯಂತ್ರ ಬಿಡುವ ಸಣ್ಣ ಸಮಾನಾಂತರ ಗೆರೆಗಳು ಒಂದೂ ಇರಲಿಲ್ಲ, ಕನ್ನಡಿಯಂತೆ ನುಣುಪು. ಉಜ್ಜಿ ಹೊಸದಾಗಿ ನಂಬರ್ ಹೊಡೆದಿದ್ದಾರೆ ಅನ್ನಿಸಿತು. ಅಲ್ಲಿಂದಲೇ ವಾಪಸ್ ಬಂದೆವು.

ಕಾರು ಕಾರ್ಖಾನೆಯಿಂದ ಹೇಗೆ ಹೊರಬಂತು ಎಂದು ಹೇಳುವ ದಾಖಲೆ ಕೆಲವಕ್ಕಿದೆ: ಪಾಂಟಿಯಾಕ್‌ಗೆ ಪಿಎಚ್‌ಎಸ್ (ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್) ದಾಖಲೆ, 1967ರಿಂದೀಚಿನ ಫೋರ್ಡ್‌ಗೆ ಮಾರ್ಟಿ ರಿಪೋರ್ಟ್ ಸಿಗುತ್ತದೆ. ಅಮೆರಿಕದಲ್ಲಿ ಮಾರಾಟವಾದ ಆ ಕಾಲದ ಕ್ಯಾಮರೊಗೆ ಅಂಥದ್ದಿಲ್ಲ. ಮೂಲ ಬಿಲ್, ವಾರಂಟಿ ಜೊತೆ ಕೊಡುತ್ತಿದ್ದ, ಕಾರಿನ ವಿವರವಿರುವ ಲೋಹದ ತಗಡು ಪ್ರೊಟೆಕ್ಟ್-ಓ-ಪ್ಲೇಟ್ ಕೇಳಿ ನೋಡಲೇಬೇಕು. ಲೇಖಕರು ದಯವಿಟ್ಟು ಇದನ್ನು ಸೇರಿಸಿ, ಲೇಖನ ಓದಿ ಜೀವಮಾನದ ಉಳಿತಾಯ ಸುರಿಯುವವರಿದ್ದಾರೆ.