ಬೇಗ ಸತ್ತವರ ಜಮಾ-ಖರ್ಚು

ಆರೋಗ್ಯಕ್ಕಾಗಿ ಮಾಡುವ ಖರ್ಚು ಸಾರ್ಥಕವೇ ಎಂದು ಅಳೆಯುವ ವಿದ್ಯೆಯನ್ನು ಅರ್ಥಶಾಸ್ತ್ರಜ್ಞರು ಬಹಳ ಶ್ರದ್ಧೆಯಿಂದ ಬೆಳೆಸಿದ್ದಾರೆ. ಲೆಕ್ಕಕ್ಕೆ ಕೂರುವ ಮುನ್ನ ಯಾರ ಖಾತೆಪುಸ್ತಕವನ್ನು ತೆರೆಯುತ್ತಿದ್ದೇವೆ ಎಂಬುದನ್ನು, ಅಂದರೆ ರೋಗಿಯದೋ, ಆಸ್ಪತ್ರೆಯದೋ, ಸರ್ಕಾರದ ಬೊಕ್ಕಸದ್ದೋ, ಇಡೀ ಸಮಾಜದ್ದೋ ಎಂಬುದನ್ನು ತೀರ್ಮಾನಿಸಿಕೊಳ್ಳಬೇಕೆಂಬುದು ಆ ವಿದ್ಯೆಯ ಮೊದಲ ಪಾಠ. ಈ ಪಾಠವನ್ನು ಫಿಲಿಪ್ ಮೋರಿಸ್ ಎಂಬ ಸಿಗರೇಟು ಕಂಪನಿ ಒಪ್ಪಿಸಿದಷ್ಟು ಚೆನ್ನಾಗಿ ಬೇರೆ ಯಾರೂ ಒಪ್ಪಿಸಿಲ್ಲ.

ಜೆಕ್ ಗಣರಾಜ್ಯದ ಸಿಗರೇಟು ಮಾರುಕಟ್ಟೆಯ ಬಹುಪಾಲನ್ನು ಕೈಯಲ್ಲಿಟ್ಟುಕೊಂಡಿದ್ದ ಈ ಕಂಪನಿ, ಧೂಮಪಾನದಿಂದ ದೇಶಕ್ಕೆ ನಷ್ಟ ಎಂಬ ದೂರಿಗೆ ಉತ್ತರ ಕೊಡಲು ಆರ್ಥರ್ ಡಿ. ಲಿಟಲ್ ಎಂಬ ಸಲಹಾ ಸಂಸ್ಥೆಗೆ ಹಣ ಕೊಟ್ಟು ಅಧ್ಯಯನ ಮಾಡಿಸಿತು. 1999ರಲ್ಲಿ ಧೂಮಪಾನಿಗಳಿಂದ ಸರ್ಕಾರಕ್ಕೆ ಸುಮಾರು 580 ಕೋಟಿ ಕೊರುನಾ, ಎಂದರೆ 14.7 ಕೋಟಿ ಡಾಲರ್, ನಿವ್ವಳ ಲಾಭವಾಗಿದೆ ಎಂದು 2000ದ ಕೊನೆಯಲ್ಲಿ ಸಿದ್ಧವಾದ ವರದಿ ಸಾರಿತು. ಜಮಾ ಪಟ್ಟಿಯಲ್ಲಿ ತೆರಿಗೆ ಮತ್ತು ಸುಂಕಗಳಿದ್ದವು, ಖರ್ಚಿನ ಪಟ್ಟಿಯಲ್ಲಿ ಚಿಕಿತ್ಸೆಯೂ ಕಳೆದುಹೋದ ದುಡಿಮೆಯ ದಿನಗಳೂ ಇದ್ದವು. ಅಲ್ಲಿಗೆ ನಿಲ್ಲಿಸಿದ್ದರೆ ಅದನ್ನು ಯಾರೂ ಓದುತ್ತಿರಲಿಲ್ಲ. ಧೂಮಪಾನಿಗಳು ಬೇಗ ಸಾಯುವುದರಿಂದ ಅವರ ಪಿಂಚಣಿ, ಮುಪ್ಪಿನ ಚಿಕಿತ್ಸೆ ಮತ್ತು ವೃದ್ಧರ ವಸತಿಯ ಖರ್ಚು ಉಳಿಯುತ್ತದೆಂದು ಅದನ್ನೂ ಜಮಾ ಪಟ್ಟಿಗೇ ಹಾಕಿದರು. ಉರಿಯುವ ಮನೆಯಲ್ಲಿ ಗಳ ಹಿರಿಯುವವರನ್ನು ನಾವು ಕೇಳಿ ಬಲ್ಲೆವು. ಹಿರಿದ ಗಳಕ್ಕೆ ಮನೆಯ ಯಜಮಾನನಿಗೇ ರಸೀದಿ ಬರೆದುಕೊಟ್ಟವರು ಇವರೇ ಮೊದಲಿರಬೇಕು.

ಈ ಲೆಕ್ಕವನ್ನು ಮನಸಾರೆ ಒಪ್ಪಿಕೊಂಡ ಹಣಕಾಸು ಮಂತ್ರಿಯೊಬ್ಬನನ್ನು ಊಹಿಸಿಕೊಳ್ಳಿ. ಜೀವನವಿಡೀ ತೆರಿಗೆ ಕಟ್ಟಿ, ಮೊದಲ ಪಿಂಚಣಿ ಕೈಸೇರುವ ಹಿಂದಿನ ಸಂಜೆ ತೀರಿಕೊಳ್ಳುವವನೇ ಆತನ ಪಾಲಿಗೆ ಆದರ್ಶ ಪ್ರಜೆಯಾಗುತ್ತಾನೆ. ನಿವೃತ್ತರಿಗೆ ಲಸಿಕೆ ಹಾಕುವುದು ದುಂದುವೆಚ್ಚವೆನಿಸುತ್ತದೆ, ತಡೆಗೋಡೆಯಿಲ್ಲದ ಸೇತುವೆ ಉತ್ತಮ ಹೂಡಿಕೆಯೆನಿಸುತ್ತದೆ. ಬೀಳ್ಕೊಡುಗೆ ಸಮಾರಂಭದಲ್ಲಿ ಶಾಲು, ಹಾರ, ಫಲತಾಂಬೂಲದೊಂದಿಗೆ ಸರ್ಕಾರಿ ಖರ್ಚಿನಲ್ಲಿ ಒಂದು ಪ್ಯಾಕು ಸಿಗರೇಟನ್ನೂ ಕೊಡಬೇಕೆಂಬ ಸುತ್ತೋಲೆ ಹೊರಡಲು ತಡವಾಗುವುದಿಲ್ಲ.

ಬೇಗ ಸಾಯುವವರ ಒಟ್ಟು ಚಿಕಿತ್ಸಾ ವೆಚ್ಚ ಕಡಿಮೆಯಾಗಬಹುದು ಎಂಬುದರಲ್ಲಿ ಸುಳ್ಳೇನೂ ಇಲ್ಲ. 1997ರಲ್ಲಿ ನೆದರ್‌ಲ್ಯಾಂಡ್ಸಿನ ಸಂಶೋಧಕರೂ ಎಲ್ಲರೂ ಧೂಮಪಾನ ಬಿಟ್ಟರೆ ಕಾಲಕ್ರಮದಲ್ಲಿ ವೈದ್ಯಕೀಯ ವೆಚ್ಚ ಏರುತ್ತದೆಂದು ತೋರಿಸಿದ್ದರು, ಆದರೆ ಅದನ್ನು ಸರ್ಕಾರಕ್ಕೆ ಅಭಿನಂದನಾ ಪತ್ರವನ್ನಾಗಿ ಅರ್ಪಿಸಲಿಲ್ಲ. ಜೆಕ್ ವರದಿಯಲ್ಲಿ ಬರೀ ಲೆಕ್ಕದ ತಪ್ಪೂ ಇತ್ತು: ಸಿಗರೇಟು ಕೊಳ್ಳದವನು ಆ ದುಡ್ಡನ್ನು ಹಿತ್ತಲಲ್ಲಿ ಹೂತಿಡುವುದಿಲ್ಲ, ಬೇರೇನನ್ನೋ ಕೊಂಡು ಅದಕ್ಕೂ ತೆರಿಗೆ ಕಟ್ಟುತ್ತಾನೆ. ಯಾವ ಚಿಕಿತ್ಸೆಗೆ ಸರ್ಕಾರಿ ಆರೋಗ್ಯ ಸೇವೆ ಹಣ ಕೊಡಬಹುದೆಂದು ಹೇಳುವ ಇಂಗ್ಲೆಂಡಿನ ನೈಸ್ ಸಂಸ್ಥೆ ಹೊಸ ಔಷಧಿಗಳನ್ನು ತೂಗುವಾಗ, ಆರೋಗ್ಯವಂತ ಬದುಕಿನ ಒಂದು ವರ್ಷಕ್ಕೆ 20,000ದಿಂದ 30,000 ಪೌಂಡುಗಳ ಮಿತಿಯನ್ನು ಬಹುಕಾಲ ಇಟ್ಟುಕೊಂಡಿತ್ತು. ಜೀವಕ್ಕೆ ಬೆಲೆ ಕಟ್ಟುತ್ತಾರೆಂದು ಅವರನ್ನು ಬೈದವರಿಗೆ ಲೆಕ್ಕವಿಲ್ಲ. ಆದರೂ ಆ ಕಟುಕರ ಪುಸ್ತಕದಲ್ಲಿ ಬದುಕಿದ ವರ್ಷ ಲಾಭದ ಕಡೆಗೇ ಬರುತ್ತಿತ್ತು.

2001ರ ಜುಲೈನಲ್ಲಿ ಸುದ್ದಿ ಹೊರಬಿತ್ತು. ಹೆಣದ ಕಾಲ್ಬೆರಳಿಗೆ 1,227 ಡಾಲರ್ ಎಂಬ ಚೀಟಿ ಕಟ್ಟಿದ ಚಿತ್ರವನ್ನು ಅಮೆರಿಕದ ತಂಬಾಕು ವಿರೋಧಿಗಳು ಜಾಹೀರಾತಾಗಿ ಅಚ್ಚು ಹಾಕಿಸಿದರು. ಒಬ್ಬ ಧೂಮಪಾನಿ ಸತ್ತರೆ ಉಳಿಯುವ ಹಣವೆಂದು ಅವರು ಆ ವರದಿಯಿಂದಲೇ ತೆಗೆದ ಮೊತ್ತವದು. ಅದೇ ತಿಂಗಳು ಕಂಪನಿ ಕ್ಷಮೆ ಕೇಳಿತು.

ವರದಿಯ ಒಂದು ಲೋಪವನ್ನು ಮಾತ್ರ ಯಾರೂ ಎತ್ತಿ ತೋರಿಸಲಿಲ್ಲ. ಜೆಕ್ ದೇಶದಲ್ಲಿ ಕಂಪನಿಯ ಕಾರ್ಖಾನೆಯಿರುವುದು ಕುಟ್ನಾ ಹೋರಾ ಪಟ್ಟಣದ ಸೆಡ್ಲೆಟ್ಸ್‌ನಲ್ಲಿ, ಹಳೆಯ ಕ್ರೈಸ್ತ ಮಠವೊಂದರ ಆವರಣದಲ್ಲಿ. ಅದರ ಹತ್ತಿರದಲ್ಲೇ ಕನಿಷ್ಠ 40,000 ಜನರ ಎಲುಬುಗಳನ್ನು ಜೋಡಿಸಿ ಅಲಂಕರಿಸಿದ, ಎಲುಬಿನದೇ ತೂಗುದೀಪವನ್ನು ನೇತುಹಾಕಿದ ಪ್ರಾರ್ಥನಾಮಂದಿರವಿದ್ದು, ಜಗತ್ತಿನ ಪ್ರವಾಸಿಗರು ಟಿಕೆಟು ಕೊಂಡು ಒಳಗೆ ಹೋಗುತ್ತಾರೆ. ಸತ್ತವರಿಂದ ಖರ್ಚು ಉಳಿಯುವುದಷ್ಟೇ ಅಲ್ಲ, ನಗದು ಆದಾಯವೂ ಬರುತ್ತದೆಂಬುದು ಕಾರ್ಖಾನೆಯ ಪಕ್ಕದಲ್ಲೇ ಸಾಬೀತಾಗಿದ್ದರೂ ಸಲಹಾಗಾರರು ಆ ಬಾಬತ್ತನ್ನು ಜಮಾ ಪಟ್ಟಿಯಲ್ಲಿ ಕಾಣಿಸದೇ ಬಿಟ್ಟದ್ದಕ್ಕೆ ಅವರ ಶುಲ್ಕದಲ್ಲಿ ಕಡಿತ ಮಾಡಬೇಕಿತ್ತು.