ಫುಲ್ ಎಂಜಿನ್ ಅಂದ್ರೆ ಎಷ್ಟು ಫುಲ್ಲು?

ಹಾಸನದಿಂದ ಬರುವಾಗ ಚನ್ನರಾಯಪಟ್ಟಣ ದಾಟಿದ ಮೇಲೆ ಕಾರಿನ ಟೆಂಪರೇಚರ್ ಲೈಟ್ ಕೆಂಪಗೆ ಹತ್ತಿಕೊಂಡಿತು. ಹಿರೀಸಾವೆಯಲ್ಲಿ ನಿಲ್ಲಿಸಿ ನೋಡಿದರಾಯ್ತು ಅಂದುಕೊಂಡು ಓಡಿಸಿದೆ. ಹಿರೀಸಾವೆಗೆ ಹೋಗಿದ್ದೇನೋ ಹೌದು, ಆದರೆ ಹಗ್ಗ ಕಟ್ಟಿ ಎಳೆಸಿಕೊಂಡು. ಎಂಜಿನ್ ತಣ್ಣಗಿಡೋ ನೀರು ಹರಿಯುವ ರಬ್ಬರ್ ಪೈಪು, ರೇಡಿಯೇಟರ್ ಹೋಸ್, ಬಿರಿದಿತ್ತು. ಅದನ್ನು ಬದಲಾಯಿಸಿ ಸಾರ್ ಅಂತ ಮೆಕ್ಯಾನಿಕ್ ಹಿಂದಿನ ವರ್ಷವೇ ಹೇಳಿದ್ದರು. ನಾನೇ ಮುಂದಕ್ಕೆ ಹಾಕಿದ್ದೆ.

ಎಂಜಿನ್ ಜಾಮ್. ಬೇರೆ ಎಂಜಿನ್ ಹಾಕಿಸೋಣ ಅಂತ ಬೆಂಗಳೂರಿನಲ್ಲಿ ಮೂರು ಕಡೆ ರೇಟ್ ಕೇಳಿದೆ. ಒಬ್ಬರು 60 ಸಾವಿರ ಅಂದರು, ಇನ್ನೊಬ್ಬರು 95 ಸಾವಿರ, ಮತ್ತೊಬ್ಬರು ಒಂದೂವರೆ ಲಕ್ಷ. ಯಾರೋ ಸುಲಿಯೋಕೆ ನೋಡ್ತಿದ್ದಾರೆ ಅನ್ನಿಸಿತು. ಆಮೇಲೆ ಗೊತ್ತಾಯ್ತು, ಮೂವರೂ ಬೇರೆ ಬೇರೆ ಸಾಮಾನಿಗೆ ರೇಟ್ ಹೇಳಿದ್ದರು. ನಾನು ಮೂರನ್ನೂ ಸುಮ್ನೆ ‘ಎಂಜಿನ್’ ಅಂದುಕೊಂಡಿದ್ದೆ.

95 ಸಾವಿರದವರದು ಹಾಫ್ ಎಂಜಿನ್. ಬ್ಲಾಕು, ಅಂದ್ರೆ ಸಿಲಿಂಡರುಗಳಿರೋ ಎಂಜಿನ್ನಿನ ಒಡಲು, ಅದರೊಳಗೆ ಕ್ರ್ಯಾಂಕು, ಕನೆಕ್ಟಿಂಗ್ ರಾಡು, ಪಿಸ್ಟನ್ನು. ಅಷ್ಟೇ. ಬ್ಲಾಕಿನ ಮೇಲೆ ಮುಚ್ಚಳದ ಹಾಗೆ ಕೂರೋ ಹೆಡ್ ಬರೋದಿಲ್ಲ. ಯೂಟ್ಯೂಬ್‌ನಲ್ಲಿ ಶಾರ್ಟ್ ಬ್ಲಾಕ್ ಅನ್ನೋದು ಇದಕ್ಕೇ. ನಿಮ್ಮ ಹಳೇ ಹೆಡ್ಡನ್ನೇ ಇದರ ಮೇಲೆ ಕೂರಿಸಬೇಕು. ನನ್ನ ಗಾಡಿಯಲ್ಲಿದ್ದದ್ದು ಫಿಯಟ್‌ನ 1.3 ಮಲ್ಟಿಜೆಟ್ ಡೀಸೆಲ್. ಒಂದು ಕಾಲದಲ್ಲಿ ಮಾರುತಿ, ಟಾಟಾ, ಫಿಯಟ್ ಮೂರರ ಕಾರುಗಳಲ್ಲೂ ಇದೇ ಕೂತಿತ್ತು. ಬ್ಲಾಕ್ ಎರಕದ ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಬಿಸಿ ಜಾಸ್ತಿಯಾದರೆ ಮೊದಲು ಸೊಟ್ಟಗಾಗೋದು ಹೆಡ್ಡೇ. ಅದನ್ನು ಸರಿಮಾಡಿಸದೆ ಹೊಸ ಹಾಫ್ ಎಂಜಿನ್ ಹಾಕಿಸಿದರೆ, ಹೊಸ ಗೋಡೆ ಕಟ್ಟಿ ಹಳೇ ಸೋರುವ ಮಾಡು ಹೊದಿಸಿದ ಹಾಗೆ.

ಒಂದೂವರೆ ಲಕ್ಷದ್ದು ಫುಲ್ ಎಂಜಿನ್. ಹೆಡ್ಡು, ವಾಲ್ವು, ಕ್ಯಾಮ್‌ಶಾಫ್ಟು ಸೇರಿರುತ್ತೆ. ಟರ್ಬೊ, ಇಂಜೆಕ್ಟರ್, ಆಲ್ಟರ್ನೇಟರ್? ಸಾಮಾನ್ಯವಾಗಿ ಇಲ್ಲ. ಗುಜರಿಯಲ್ಲಿ ಮಾತ್ರ ಫುಲ್ ಅಂದ್ರೆ ಆಕ್ಸಿಡೆಂಟ್ ಗಾಡಿಯಿಂದ ಇಳಿಸುವಾಗ ಕೈಗೆ ಬಂದದ್ದೆಲ್ಲ. ಒಂದೇ ಪದ, ಎರಡು ಅರ್ಥ. ಅದಕ್ಕೇ ‘ಫುಲ್ಲಾ ಹಾಫಾ’ ಅಂತ ಕೇಳಬೇಡಿ. ‘ಟರ್ಬೊ ಬರುತ್ತಾ? ಸೋರದ ಹಾಗೆ ಜೋಡಣೆಗಳ ನಡುವೆ ಹಾಕೋ ಪ್ಯಾಕಿಂಗ್ ಸೆಟ್ ಬರುತ್ತಾ? ಇಳಿಸಿ ಕೂರಿಸೋ ಕೂಲಿ ಸೇರಿದೆಯಾ?’ ಅಂತ ಒಂದೊಂದಾಗಿ ಕೇಳಿ, ಬರೆಸಿಕೊಳ್ಳಿ.

60 ಸಾವಿರದ್ದು ನೋಡೋಕೆ ಹೋಗಿದ್ದೆ. ‘ರೀಕಂಡಿಷನ್ ಸಾರ್’ ಅಂದರು. ನನ್ನ ಪ್ರಕಾರ ಈ ವ್ಯಾಪಾರದಲ್ಲಿ ಇಷ್ಟು ತಲೆಬುಡ ಇಲ್ಲದ ಪದ ಇನ್ನೊಂದಿಲ್ಲ. ಒಬ್ಬರಿಗೆ ರೀಕಂಡಿಷನ್ ಅಂದ್ರೆ ಲೇತ್ ಅಂಗಡಿಯಲ್ಲಿ ಬೋರ್ ಹೊಡೆಸಿ, ಅಂದ್ರೆ ಸವೆದ ಸಿಲಿಂಡರನ್ನು ತುಸು ಅಗಲಕ್ಕೆ ಕೊರೆಸಿ, ಅದಕ್ಕೆ ತಕ್ಕ ಓವರ್‌ಸೈಜ್ ಪಿಸ್ಟನ್ ಹಾಕಿ, ಕ್ರ್ಯಾಂಕ್ ಗ್ರೈಂಡ್ ಮಾಡಿಸಿ, ಹೊಸ ಬೇರಿಂಗ್ ಕೂರಿಸೋದು. ಇನ್ನೊಬ್ಬರಿಗೆ ಡೀಸೆಲ್‌ನಲ್ಲಿ ತೊಳೆದು ಸಿಲ್ವರ್ ಪೇಂಟ್ ಹೊಡೆಯೋದು. ಅಲ್ಲಿದ್ದದ್ದು ಫಳಫಳ ಅನ್ನುತ್ತಿತ್ತು, ಬೋಲ್ಟಿನ ತಲೆಗೂ ಬಣ್ಣ. ಆಯಿಲ್ ಮುಚ್ಚಳ ತಿರುಗಿಸಿ ಒಳಗೆ ಬೆರಳು ಹಾಕಿದೆ. ಕಾಡಿಗೆಯಂಥ ಗಸಿ ಉಗುರಿಗೆ ಮೆತ್ತಿಕೊಂಡಿತು. ಲೇತ್ ಬಿಲ್ ತೋರಿಸಿ ಅಂದೆ. ಟೀ ತರಿಸಿದರು, ಬಿಲ್ ಬರಲಿಲ್ಲ.

ಇನ್ನೊಂದು ವಿಷಯ ಎಷ್ಟೋ ಜನ ಯೋಚನೆನೇ ಮಾಡೋದಿಲ್ಲ. ಎಂಜಿನ್ ನಂಬರ್ ಕೊರೆದಿರೋದು ಬ್ಲಾಕ್ ಮೇಲೆ. ಬೇರೆ ಬ್ಲಾಕ್ ಬಂತು ಅಂದ್ರೆ ಆರ್‌ಸಿಯಲ್ಲಿರೋ ನಂಬರ್ ಸುಳ್ಳಾಯ್ತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಅದನ್ನು ಆರ್‌ಟಿಒ ಕಚೇರಿಗೆ ತಿಳಿಸಿ ಆರ್‌ಸಿಯಲ್ಲಿ ಬದಲಾಯಿಸಿಕೊಳ್ಳಬೇಕು. ಇನ್ಶೂರೆನ್ಸ್‌ನವರಿಗೂ ಹೇಳಬೇಕು. ಗುಜರಿ ಎಂಜಿನ್‌ಗೆ ಬಿಲ್ಲೇ ಇಲ್ಲ ಅಂದ್ರೆ ಅದು ಯಾರ ಗಾಡಿಯದೋ, ಕದ್ದದ್ದೋ, ದೇವರೇ ಬಲ್ಲ.

ನಾನು ಕೊನೆಗೆ ಯಾವುದನ್ನೂ ಕೊಳ್ಳಲಿಲ್ಲ. ನನ್ನ ಬ್ಲಾಕ್ ಬಿರುಕು ಬಿಟ್ಟಿರಲಿಲ್ಲ, ಅದನ್ನೇ ಪೂರ್ತಿ ಬಿಚ್ಚಿಸಿ ಓವರ್‌ಹಾಲ್ ಮಾಡಿಸಿದೆ. ಹೆಡ್ಡಿನ ತಳ ಸಮ ಮಾಡಿಸಿ ಫೇಸ್ ಹೊಡೆಸಿದ್ದಾಯ್ತು, ನಾಲ್ಕೂ ಸಿಲಿಂಡರ್ ರೀಬೋರ್ ಆಯ್ತು. ಮೂರು ವಾರ ಹಿಡಿಯಿತು, ಬಸ್ಸಲ್ಲಿ ಓಡಾಡಿದೆ. ಖರ್ಚು ಗುಜರಿಯದಕ್ಕಿಂತ ಜಾಸ್ತಿಯೇ ಆಯ್ತು. ಇದು ದಡ್ಡತನ ಅಂತ ನನ್ನ ಭಾವಮೈದ ಈಗಲೂ ವಾದಿಸುತ್ತಾನೆ, ವಾದಿಸಲಿ. ಹತ್ತು ವರ್ಷ ನಾನೇ ಆಯಿಲ್ ಹಾಕಿಸಿದ ಎಂಜಿನ್ನು, ಅದರ ಜಾತಕ ನನಗೆ ಗೊತ್ತು. ನಂಬರ್ರೂ ಅದೇ ಉಳಿಯಿತು.

ಬಿಲ್ ಇನ್ನೂ ಡ್ಯಾಶ್‌ಬೋರ್ಡ್‌ನಲ್ಲೇ ಇದೆ, ಒಂದೂವರೆ ಪುಟ. ಅದರಲ್ಲಿ ತೀರಾ ಚಿಕ್ಕ ಮೊತ್ತಗಳಲ್ಲೊಂದು ರೇಡಿಯೇಟರ್ ಹೋಸ್‌ನದು.